ಬಿಡದ ಬ್ರೇಕು

ಹಿಡಿಯದೆ ಹೋದದ್ದಲ್ಲ, ಬಿಡದೆ ಹೋದದ್ದು.
ಕಾಳಿ ಸೇತುವೆಯ ನಟ್ಟನಡುವೆ ನಮ್ಮ ಓಮ್ನಿ
ಹಟ ಹಿಡಿದ ಎಮ್ಮೆಯ ಹಾಗೆ
ನಾಲ್ಕೂ ಕಾಲು ಊರಿ ನಿಂತಿತು.
ಹಿಂದೆ ಗೋವಾ ಕಡೆಯ ಲಾರಿಗಳ ಹಾರ್ನು,
ಒಳಗೆ ಮೂವತ್ತು ಡಜನ್ ಪಾವು.
ಮುಂದಿನ ಗಾಲಿಗೆ ಕೈ ಒಡ್ಡಿದರೆ
ನಮ್ಮ ಭಟ್ಟಿಯ ಬಾಯಿಯಷ್ಟೇ ಕಾವು.

ಪ್ರೇಮಾನಂದನೇ, ಇನ್ಯಾರು?
ಮೈದುನನ ಕೈಗುಣ ಬಾಡ ಕೇರಿಗೆಲ್ಲ ಗೊತ್ತು:
ಸೀಮೆಎಣ್ಣೆ ಸ್ಟವ್ವಿಗೆ ಡೀಸೆಲ್ ಸುರಿದವನು,
ಅಡಿಗೆಸೋಡಾ ಅಂತ ಸುಣ್ಣ ತಂದವನು.
ಫೋನಿನಲ್ಲಿ ಬೈದೆ, ಲಾರಿಯವರಿಗೂ ಕೇಳುವಂತೆ.
"ನಾ ಬಾನೆಟ್ ಮುಟ್ಲೇ ಇಲ್ಲ ಅತ್ತಿಗೆ" ಅಂದ.
ಅದನ್ನು ಅವನು ಯಾವಾಗಲೂ ಅನ್ನುತ್ತಾನೆ.

ಕೋಡಿಬಾಗದಿಂದ ಸೈಕಲ್ಲಿನಲ್ಲಿ ತುಳಶಿದಾಸ ಬಂದ,
ಜೇಬಲ್ಲಿ ಎಂಟರ ಪಾನಾ.
ಗಾಲಿಯ ಹಿಂದೆ ಕೈ ತೂರಿಸಿ ನಿಪ್ಪಲ್ ಸಡಿಲಿಸಿದ.
ಚಿರ್ರೆಂದು ಹಾರಿತು ಅವನ ಅಂಗಿಗೆ,
ಎಷ್ಟು ಹೊತ್ತಿನಿಂದ ತಡೆದುಕೊಂಡಿತ್ತೋ.
ಎಮ್ಮೆ ಉಸಿರು ಬಿಟ್ಟು
ಒಂದು ಹೆಜ್ಜೆ ಇಟ್ಟಿತು.

ಇನಾಸ್ ಮುಚ್ಚಳ ತಿರುಗಿಸಿದ.
ಒಳಗಿನ ರಬ್ಬರು ನೆನೆದ ಹಪ್ಪಳದಂತೆ ಉಬ್ಬಿ
ಮತ್ತೆ ತನ್ನ ಜಾಗಕ್ಕೆ ಕೂಡಲೊಲ್ಲದು.
ಸ್ಟೀಲ್ ಲೋಟದಲ್ಲಿ ನೀರು ತರಿಸಿದ.
ಹೊಸ ಸೀಸೆಯದು ಒಂದು ಹನಿ: ಇಳಿಯಿತು, ಕರಗಿತು, ಇಲ್ಲವಾಯಿತು.
ನನ್ನ ಗಾಡಿಯದು ಒಂದು ಹನಿ:
ತೇಲಿತು. ದುಂಡಗೆ, ಹೊಳೆಯುತ್ತ,
ಬೈತ್‌ಕೋಲ ಬಂದರಿನ ನೀರ ಮೇಲಿನ ಡೀಸೆಲ್ಲಿನಂತೆ.

"ಬ್ರೇಕ್ ಆಯಿಲ್ ಅನ್ನೋದು ಹೆಸರಿಗೆ ಆಯಿಲ್, ಬಾಯೀ,
ಜಾತಿಯಲ್ಲಿ ಅಲ್ಲ.
ಇದು ಸ್ಟೇರಿಂಗಿನ ಎಣ್ಣೆ. ರಬ್ಬರಿಗೆ ವಿಷ."
ತೊಳೆದರೆ ಆಗದೇ, ಕೇಳಿದೆ.
"ಪೈಪು ತೊಳೀಬಹುದು.
ರಬ್ಬರು ಕುಡಿದದ್ದನ್ನ ಕಕ್ಕೋದಿಲ್ಲ."

ಮೂರು ದಿನ.
ಮಾಸ್ಟರ್ ಸಿಲಿಂಡರಿನ ವಾಶರು, ಮುಂದಿನ ಕ್ಯಾಲಿಪರಿನ ಸೀಲು,
ಹಿಂದಿನ ಕಪ್ಪು, ಉದ್ದುದ್ದ ಹೋಸು,
ಒಂದೊಂದೇ ಬಿಚ್ಚಿ ಪೇಪರಿನ ಮೇಲೆ ಸಾಲಾಗಿಟ್ಟ,
ಮೀನು ಪಾಲು ಮಾಡುವವನ ಹಾಗೆ.
ಪಾವು ಅಷ್ಟೂ ದಿನ ರಿಕ್ಷಾದಲ್ಲಿ ಹೋಯಿತು, ಲಾಭವೂ ಅದರಲ್ಲೇ ಹೋಯಿತು.
ನಾನು ಬಿಯರಿನ ಖಾಲಿ ಕ್ರೇಟಿನ ಮೇಲೆ ಕೂತು
ಪ್ರೇಮಾನಂದನ ಲೆಕ್ಕಕ್ಕೆ ಬರೆಯುತ್ತಿದ್ದೆ.

ಮೂರನೆಯ ಸಂಜೆ, ಹೊಸ ದ್ರವ ಹಾಕುವ ಹೊತ್ತು,
ಇನಾಸ್ ಗೂಡಿಗೆ ಕೈ ಚಾಚಿದ.
ಎರಡು ಸೀಸೆ. ಒಂದೇ ಎತ್ತರ, ಒಂದೇ ಹಳದಿ ಮುಚ್ಚಳ.
ಒಂದನ್ನು ತೋಳುದ್ದ ದೂರ ಹಿಡಿದ,
ಮೂಗಿನ ತನಕ ತಂದ,
ಮತ್ತೆ ದೂರ.
"ತುಳ್ಶಿ, ಇದೇನು ಬರೆದಿದೆ ಓದು ಮಗಾ,
ನನ್ನ ಕೈಯೆಲ್ಲ ಗ್ರೀಸು."

ಕೈಯಲ್ಲಿ ಗ್ರೀಸು ಇರಲಿಲ್ಲ.

ಹೋದ ಶನಿವಾರ ಹಾರ್ನು ಸರಿಮಾಡಿಸಲು ಬಂದಾಗ
ಇದೇ ಕೈ ಬಾನೆಟ್ಟಿನಿಂದ ಹೊರಬಂದು ಹೇಳಿತ್ತು:
ಬ್ರೇಕ್ ಆಯಿಲ್ ತುಸು ಇಳಿದಿತ್ತು,
ತುಂಬಿಸಿದೆ, ದುಡ್ಡು ಬೇಡ.

ಅವನು ನನ್ನನ್ನು ನೋಡಲಿಲ್ಲ.
ನಾನು ಕ್ಯಾಲೆಂಡರಿನ ಮೇರಿಯನ್ನು ನೋಡಿದೆ.
ಬಿಲ್ಲಿನಲ್ಲಿ ರಬ್ಬರಿನ ದುಡ್ಡು ಮಾತ್ರ,
ಅಂಕಿಗಳು ಒಂದನೇ ಇಯತ್ತೆಯ ಮಕ್ಕಳವಷ್ಟು ದೊಡ್ಡವು.
ಮಜೂರಿಯ ಜಾಗ ಖಾಲಿ.
ಕೇಳಲು ಬಾಯಿ ಬರಲಿಲ್ಲ.
ಅವನು ಕೈ ತೊಳೆಯಲು ಹೋದಾಗ
ಚೀಲದಲ್ಲಿದ್ದ ಮಗಳ ಉಗುರುಬಣ್ಣ ತೆಗೆದು
ಬ್ರೇಕಿನ ಸೀಸೆಯ ಮುಚ್ಚಳಕ್ಕೆ ದಪ್ಪಗೆ ಕೆಂಪು ಬಳಿದೆ.
ತುಳಶಿದಾಸ ನೋಡಿದ, ಸುಮ್ಮನಿದ್ದ.

ಸೇತುವೆಯ ಮೇಲೆ ಬೇಕೆಂದೇ ಒಮ್ಮೆ ಒತ್ತಿದೆ: ಹಿಡಿಯಿತು.
ಕಾಲು ತೆಗೆದೆ: ಬಿಟ್ಟಿತು.

ರಾತ್ರಿ ಊಟಕ್ಕೆ ಕೂತಾಗ ಪ್ರೇಮಾನಂದ
ತಟ್ಟೆಯಿಂದ ತಲೆಯೆತ್ತದೆ ಕೇಳಿದ:
"ಯಾರು ಹಾಕಿದ್ದಂತೆ ಅತ್ತಿಗೆ?"
ಗೊತ್ತಾಗಲಿಲ್ಲ, ಅಂದೆ.
ಇನ್ನೊಂದು ಬಂಗಡೆ ಬಡಿಸಿದೆ, ದೊಡ್ಡದು.
ಅವನು ಅದರ ಮುಳ್ಳು ಬಿಡಿಸುತ್ತ
ತುಂಬ ಹೊತ್ತು ಕೂತಿದ್ದ.